ಏಳನೆಯ ಗೂಟ

ಗಾಳ ಹಾಕುವವನಿಗೆ ತಾಳ್ಮೆ ಬೇಕೆಂದು ಎಲ್ಲರೂ ಹೇಳುತ್ತಾರೆ. ಎಂದೂ ಗಾಳ ಹಾಕದವರು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ನನ್ನ ಅನುಭವದ ಮಟ್ಟಿಗೆ ಅವನಿಗೆ ಸ್ವಲ್ಪ ಕಿವುಡಿದ್ದರೆ ಸಾಕು. ಏಕೆಂದರೆ ದಡದ ಮೇಲೆ ನಿಂತು ಬುದ್ಧಿ ಹೇಳುವವರ ಸಂಖ್ಯೆ ನೀರಿನಲ್ಲಿರುವ ಮೀನಿಗಿಂತ ಯಾವಾಗಲೂ ಹೆಚ್ಚು.

ನಮ್ಮ ಗುಡೇಮಾರನಹಳ್ಳಿಯನ್ನು ವಾಚಕರಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದಲಾದರೂ ಕಂಡಿರಬಹುದು. ಸೋಲೂರು ದಾಟಿ ಕುಣಿಗಲ್ಲಿನ ಕಡೆ ಹೋಗುವಾಗ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಒಂದು ನಿಮಿಷ ನಿಂತು, ನಿಂತುದಕ್ಕೆ ಪಶ್ಚಾತ್ತಾಪಪಟ್ಟಂತೆ ಓಡಿಬಿಡುತ್ತದೆ. ಈ ಸೀಮೆಗೆ ನದಿಯ ಭಾಗ್ಯ ಕಡಿಮೆ. ನಾವೆಲ್ಲ ಕೆರೆಯ ಮಕ್ಕಳು. ಆದರೆ 2022ರ ಮಳೆಗಾಲದಲ್ಲಿ ಆ ಕೆರೆಗಳೇ ನದಿಗಳಾದುವು. ಆ ಆಗಸ್ಟ್ ತಿಂಗಳ ಕೊನೆಯಲ್ಲಿ ರಾಮನಗರದ ಮನೆಗಳಿಗೂ ಬೆಂಗಳೂರು-ಮೈಸೂರು ಹೆದ್ದಾರಿಗೂ ನೀರು ನುಗ್ಗಿದುದನ್ನು ಯಾರೂ ಮರೆತಿರಲಾರರು. ನಮ್ಮ ಕಡೆಯೂ ಎಷ್ಟೋ ವರ್ಷಗಳಿಂದ ಬಾಯಿ ಬಿಟ್ಟುಕೊಂಡಿದ್ದ ಕೆರೆಗಳು ತುಂಬಿ ಕೋಡಿ ಬಿದ್ದುವು. ಕೆರೆಯೊಳಗಿನ ಮೀನು ಗುತ್ತಿಗೆ ಹಿಡಿದವರದು. ಕೋಡಿ ಹಾರಿ ಕಾಲುವೆಗೆ ಬಂದ ಮೀನು ಊರಿನದು. ಇದು ಎಲ್ಲಿಯೂ ಬರೆದಿಡದ ಶಾಸನ. ಸೆಪ್ಟೆಂಬರಿನಲ್ಲಿ ಊರಿಗೆ ಊರೇ ಕಾಲುವೆಯ ದಡ ಹತ್ತಿತು.

ಆಗ ನಾನು ಪಿ.ಯು.ಸಿ. ಓದುತ್ತಿದ್ದೆ. ಇಂಗ್ಲೆಂಡಿನಲ್ಲಿ ಕಾಲುವೆಯ ದಡದುದ್ದಕ್ಕೂ ಗೂಟಗಳನ್ನು ಗುರುತು ಮಾಡಿ, ಚೀಟಿ ಎತ್ತಿ, ಚೀಟಿಯಲ್ಲಿ ಬಂದ ಗೂಟದಲ್ಲಿಯೇ ಕುಳಿತು ಪಂದ್ಯವಾಗಿ ಮೀನು ಹಿಡಿಯುತ್ತಾರೆ. ಹಿಡಿದುದನ್ನು ನೀರೊಳಗೇ ಬಲೆಯ ಚೀಲದಲ್ಲಿಟ್ಟುಕೊಂಡು, ಕೊನೆಗೆ ತೂಗಿ, ಮತ್ತೆ ನೀರಿಗೆ ಬಿಡುತ್ತಾರೆ ಎಂದು ಎಲ್ಲಿಯೋ ತಿಳಿದುಕೊಂಡು ಬಂದು ಅರಳಿಕಟ್ಟೆಯಲ್ಲಿ ಹೇಳಿದೆ. ಗೂಟ, ಚೀಟಿ, ತೂಕ ಎಲ್ಲರಿಗೂ ಹಿಡಿಸಿದುವು. ಕೊನೆಯದಕ್ಕೆ ಮಾತ್ರ ಕಟ್ಟೆ ಬಿರಿಯುವಂತೆ ನಕ್ಕರು.

"ಬುಡಾಕೆ ಯಾಕ್ಲಾ ಇಡೀಬೇಕು?" ಎಂದರು ಒಬ್ಬ ಹಿರಿಯರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂತೂ ಒಂದು ಭಾನುವಾರ ನಿಶ್ಚಯವಾಯಿತು. ಹನ್ನೊಂದು ಜನ, ತಲೆಗೆ ಐವತ್ತು ರೂಪಾಯಿ, ಗೆದ್ದವನಿಗೆ ಐನೂರೈವತ್ತು. ಒಬ್ಬನಿಗೆ ಒಂದೇ ಕೋಲು, ಒಂದೇ ಗಾಳ. ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ. ತೂಕಕ್ಕೆ ಅಂಗಡಿಯ ತಕ್ಕಡಿ. ತೀರ್ಪಿಗೆ ನಮ್ಮ ತಾತ. ತಾತನಿಗೆ ಬೆಂಡು ಕಾಣಿಸುವಷ್ಟು ಕಣ್ಣು ಉಳಿದಿರಲಿಲ್ಲ. ಆದರೆ ಸುಳ್ಳು ಹೇಳುವವನ ದನಿ ಚೆನ್ನಾಗಿ ಕೇಳಿಸುತ್ತಿತ್ತು. ನನ್ನ ಐವತ್ತು ರೂಪಾಯಿ ಅವ್ವನ ಸಾಸಿವೆ ಡಬ್ಬಿಯಿಂದ ಬಂದುದು. ಗೆದ್ದರೆ ಅದನ್ನು ಹಿಂದಕ್ಕಿಟ್ಟು, ಉಳಿದುದರಲ್ಲಿ ಬಸ್ಸಿನ ಪಾಸು ಮಾಡಿಸಬೇಕು. ಸೋತರೆ ಅವ್ವ ಸಾಸಿವೆ ತೆಗೆಯುವ ಮುಂಚೆ ಊರು ಬಿಡಬೇಕು ಎಂದು ಲೆಕ್ಕ ಹಾಕಿದ್ದೆ.

ನನ್ನ ಚೀಟಿಗೆ ಏಳನೆಯ ಗೂಟ ಬಂತು. ಕಾಲುವೆ ಕಿರಿದಾಗಿ ನೀರು ನುಗ್ಗಿ ಹರಿಯುವ ಜಾಗ; ತಲೆಯ ಮೇಲೆ ಒಂದು ಜಾಲಿಯ ನೆರಳೂ ಇಲ್ಲ. ಚಿಕ್ಕಪ್ಪನ ಮಗನಿಗೆ ನಾಲ್ಕನೆಯದು. ಅಲ್ಲಿ ಹೊಂಗೆಯ ನೆರಳು, ಮಡುವಿನಂತಹ ನೀರು. ಎಂಟು ಗಂಟೆಯೊಳಗೆ ಅವನು ರಾಗಿ ಹಿಟ್ಟಿನ ಉಂಡೆಗೆ ಜಿಲೇಬಿ ಮೀನನ್ನು ಒಂದಾದ ಮೇಲೊಂದರಂತೆ ಎತ್ತತೊಡಗಿದ. ಈ ಜಿಲೇಬಿ ನಮ್ಮ ದೇಶದ್ದಲ್ಲ, ಆಫ್ರಿಕದ ತಳಿ. 1952ರಲ್ಲಿ ಭಾರತಕ್ಕೆ ತಂದು ಬಿಟ್ಟರಂತೆ. ಅಷ್ಟು ದೂರದಿಂದ ಬಂದ ಮೀನು ಇನ್ನು ಮೂರು ಗೂಟ ದಾಟಿ ನನ್ನ ಬಳಿಗೆ ಬರಬಾರದಿತ್ತೇ!

ನನ್ನ ಗಾಳಕ್ಕಾದರೋ ಏಡಿಗಳು ಮಾತ್ರ ಗಿರಾಕಿಗಳು. ಎರೆಹುಳುವನ್ನು ನಯವಾಗಿ ಬಿಡಿಸಿಕೊಂಡು ಬರಿಯ ಕೊಕ್ಕೆಯನ್ನು ಹಿಂದಕ್ಕೆ ಕಳುಹಿಸುತ್ತಿದ್ದುವು. ಸೀಸ ಕಡಿಮೆ ಮಾಡಿದರೆ ಬೆಂಡು ಓಡಿಹೋಗುವುದು; ಹೆಚ್ಚು ಮಾಡಿದರೆ ಗಾಳ ಕಲ್ಲಿಗೆ ಸಿಕ್ಕುವುದು. ಹನ್ನೊಂದು ಗಂಟೆಗೆ ಬೆಂಡು ಗಬಕ್ಕನೆ ಮುಳುಗಿತು. ಎತ್ತಿದೆ; ಗೇಣುದ್ದದ ಚೇಳುಮೀನು. ಆತುರದಲ್ಲಿ ಬಿಡಿಸಹೋದಾಗ ಅದರ ಪಕ್ಕದ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು. ಚೇಳೆಂಬ ಹೆಸರು ಯಾಕೆ ಬಂತೆಂದು ತಿಳಿಯಲು ಅರ್ಧ ನಿಮಿಷ ಬೇಕಾಗಲಿಲ್ಲ. ಭುಜದವರೆಗೂ ಬೆಂಕಿ ಹತ್ತಿತು. ಈ ವಿಷ ಬಿಸಿಗೆ ಕುಂದುತ್ತದೆ. ಸಹಿಸುವಷ್ಟು ಬಿಸಿಯ ನೀರಿನಲ್ಲಿ ಬೆರಳಿಡಬೇಕು. ಕಾಲುವೆಯ ದಡದಲ್ಲಿ ಬಿಸಿನೀರೆಲ್ಲಿ? ಎಂಟನೆಯ ಗೂಟದ ಗಾರೆ ಕೆಲಸದ ಅಣ್ಣ ತನ್ನ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಟ್ಟರು. ನಾನು ಬೆರಳನ್ನು ಚಹಾದಲ್ಲಿ ಅದ್ದಿಕೊಂಡು ಕುಳಿತೆ. ಉಳಿದ ಚಹಾವನ್ನು ಅವರು ಕುಡಿದರು. ನನ್ನ ಕಡೆ ಒಮ್ಮೆ ನೋಡಿ, ಮುಚ್ಚಳದಲ್ಲಿದ್ದುದನ್ನು ಮಾತ್ರ ಚೆಲ್ಲಿದರು.

ಮಧ್ಯಾಹ್ನ ಮಳೆ ಬಂತು. ಗೋಣಿಚೀಲ ಕೊಪ್ಪೆ ಹಾಕಿಕೊಂಡು ಕುಳಿತೆ. ಮೂರು ಗಂಟೆಗೆ ನನ್ನ ಬಳಿ ಇದ್ದುದು ಆ ಚೇಳುಮೀನು ಮತ್ತು ನಾಲ್ಕು ಗೆಂಡೆಮರಿ; ಬಹಳವೆಂದರೆ ನಾನೂರು ಗ್ರಾಂ. ಚಿಕ್ಕಪ್ಪನ ಮಗ ಎರಡು ಕಿಲೋ ದಾಟಿದ್ದಾನೆಂಬ ಸುದ್ದಿ ದಡದ ಮೇಲೆ ನನಗಿಂತ ಸುಖವಾಗಿ ಓಡಾಡುತ್ತಿತ್ತು.

ನಾಲ್ಕು ಗಂಟೆಯ ಮೇಲೆ, ನನ್ನ ಗೂಟದ ಎದುರು ದಡದಲ್ಲಿ, ಜೊಂಡಿನ ಮರೆಯ ನಿಂತ ನೀರಿನಲ್ಲಿ ಕೆಂಪಗೆ ಏನೋ ಕದಲಿತು. ಕುಂಕುಮ ಕದಡಿದಂತೆ ಸಣ್ಣ ಮರಿಗಳ ಗುಂಪು. ಒಟ್ಟಾಗಿ ಮೇಲೆ ಬಂದು ಗಾಳಿ ನುಂಗಿ ಒಟ್ಟಾಗಿ ಇಳಿಯುತ್ತಿತ್ತು. ಕೊರಮೀನಿನ ಮರಿಗಳು. ಗಾಳ ಹಿಡಿದವನಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಮರಿಗಳ ಅಡಿಯಲ್ಲಿ ದೊಡ್ಡದು ಕಾವಲಿರುತ್ತದೆ. ಅದಕ್ಕೆ ಹಸಿವಿಲ್ಲದಿದ್ದರೂ ಚಿಂತೆಯಿಲ್ಲ; ಮರಿಗಳ ನಡುವೆ ಒಂದು ಕಪ್ಪೆಮರಿಯನ್ನು ಕುಣಿಸಿದರೆ, ಮಕ್ಕಳ ಮೇಲೆ ಬಿದ್ದ ಶತ್ರುವೆಂದು ತಿಳಿದು ಎರಗುತ್ತದೆ.

ನನಗೆ ಎಂಟು ವರ್ಷವಾಗಿದ್ದಾಗ ಮೊದಲ ಗಾಳ ಕಟ್ಟಿಕೊಟ್ಟವನು ತಾತ. ಅಂದು ಅವನು ಹಾಕಿದ ಕಟ್ಟಳೆ ಒಂದೇ: "ಮರಿ ಕಾಯೋದನ್ನ ಮುಟ್ಟಬೇಡ ಮಗ."

ಸುತ್ತ ನೋಡಿದೆ. ತಾತ ದೂರದ ಒಂದನೆಯ ಗೂಟದ ಬಳಿ ಛತ್ರಿಯಡಿಯಲ್ಲಿ ಕುಳಿತಿದ್ದ. ಹುಲ್ಲಿನಿಂದ ಒಂದು ಕಪ್ಪೆ ಹಿಡಿದು ಗಾಳಕ್ಕೆ ಚುಚ್ಚಿದೆ. ಕೈ ನಡುಗಿದುದು ಚೇಳುಮೀನಿನ ದೆಸೆಯಿಂದ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ಎಸೆತಕ್ಕೆ ನೀರು ಸಿಡಿಯಿತು, ಬಿದಿರುಕೋಲು ಬಿಲ್ಲಾಯಿತು. ಜೊಂಡು ಕಿತ್ತುಕೊಂಡು ಬಂದಿತು, ಮೊಳದುದ್ದದ ಮೀನು. ಎಲ್ಲರೂ ಕೂಗಿದರು. ಎದುರು ದಡದಲ್ಲಿ ಆ ಕೆಂಪು ಒಮ್ಮೆ ಹಿಗ್ಗಿ, ಚದುರಿ, ಬಣ್ಣವೇ ಇಲ್ಲದಂತಾಯಿತು.

ತೂಗಿದರು. ಚಿಕ್ಕಪ್ಪನ ಮಗನದು ಎರಡು ಕಿಲೋ ಮುನ್ನೂರು; ನನ್ನದು ಎಲ್ಲ ಸೇರಿ ಎರಡೂವರೆ ಕಿಲೋ. ತಾತ ಮೀನಿನ ಬೆನ್ನ ಮೇಲೆ ಕೈಯಾಡಿಸಿದ.

"ಎಲ್ಲಿ ಬಿತ್ಲಾ?"

"ಹರಿಯೋ ನೀರಲ್ಲಿ, ತಾತ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಣವನ್ನು ಎಣಿಸಿ ನನ್ನ ಕೈಗಿಟ್ಟ.

ಕೊರಮೀನಿಗೆ ಗಾಳಿಯನ್ನೇ ಉಸಿರಾಡುವ ಶಕ್ತಿಯುಂಟು. ಒದ್ದೆ ಗೋಣಿಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ. ಮನೆಯ ಹಿತ್ತಲಲ್ಲಿ ಅದು ಚೀಲದೊಳಗೆ ಹೊರಳುವ ಸದ್ದು ಕೇಳುತ್ತ ಅರ್ಧ ಗಂಟೆ ಕುಳಿತಿದ್ದೆ. ಒಳಗೆ ಅವ್ವ ಮಸಾಲೆ ಅರೆಯುತ್ತಿದ್ದಳು. ಕೊನೆಗೆ ಚೀಲವನ್ನು ಹೆಗಲಿಗೇರಿಸಿ, ಮೊಬೈಲಿನ ಬೆಳಕಿನಲ್ಲಿ ಕಾಲುವೆ ದಾಟಿ, ಆ ಜೊಂಡಿನ ಬಳಿ ಬಾಯಿ ಬಿಚ್ಚಿದೆ. ಮೀನು ಒಂದು ಗಳಿಗೆ ಕದಲದೆ ನಿಂತು, ಬಾಲ ಬಡಿದು ಹೋಯಿತು. ಮರಿಗಳನ್ನು ಹುಡುಕಿದೆ, ಕತ್ತಲೆಯಲ್ಲಿ ನೀರೆಲ್ಲ ಒಂದೇ ಬಣ್ಣ. ಮಾರನೆಯ ಬೆಳಗ್ಗೆ ಹೋದಾಗ ಅಲ್ಲಿ ಎರಡು ಬೆಳ್ಳಕ್ಕಿಗಳು ನಿಂತಿದ್ದುವು.

ಆ ರಾತ್ರಿ, ಮೀನು ಚೀಲದಿಂದ ನೆಗೆದು ಚರಂಡಿಗೆ ಬಿತ್ತೆಂದು ಅವ್ವನಿಗೆ ಹೇಳಿದೆ. ಅವಳು ನನ್ನನ್ನೂ ಚರಂಡಿಯನ್ನೂ ಒಟ್ಟಿಗೆ ಬೈದು, ಅರೆದ ಮಸಾಲೆಗೆ ಆಲೂಗೆಡ್ಡೆ ಹಾಕಿ ಕುದಿಸಿದಳು. ತಾತ ಮುದ್ದೆ ಮುರಿದು ಸಾರಿಗೆ ಅದ್ದಿದ. ಮೀನೆಲ್ಲಿ ಎಂದು ಕೇಳುವನೆಂದು ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಅವನು ತಟ್ಟೆಯನ್ನು ಮುಂದಕ್ಕೆ ತಳ್ಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.