ಭಿಕ್ಷೆ ಎಂಬ ಮೊದಲ ಪಾಠ

ಶರಣರ ಧರ್ಮ ಜಂಗಮಧರ್ಮ. ಉಡುತಡಿಯ ಅಕ್ಕಮಹಾದೇವಿಯವರು ಅರಮನೆಯನ್ನು ತೊರೆದು ಒಬ್ಬಂಟಿಯಾಗಿ ಕಲ್ಯಾಣಕ್ಕೆ ಬಂದರು. ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದರು. ಹಸಿವಿಗೆ ಊರವರ ಭಿಕ್ಷೆ, ನೀರಡಿಕೆಗೆ ಕೆರೆಬಾವಿ, ಮಲಗಲು ಪಾಳುಗುಡಿ, ಆತ್ಮದ ಒಡನಾಟಕ್ಕೆ ಚೆನ್ನಮಲ್ಲಿಕಾರ್ಜುನ. ಇಷ್ಟಿದ್ದರೆ ಸಾಕೆಂಬುದು ಅಕ್ಕನವರ ಪ್ರಸಿದ್ಧ ವಚನವೊಂದರ ಭಾವ. ಇದನ್ನು ವಿವರಿಸುವವರು ಸಾಮಾನ್ಯವಾಗಿ ಕೊನೆಯ ಮಾತನ್ನು ಹಿಡಿಯುತ್ತಾರೆ. ಆದರೆ ಅಕ್ಕ ಮೊದಲು ಹೇಳಿದ್ದು ಭಿಕ್ಷೆಯನ್ನು. ಅದೇಕೆ ಮೊದಲು?

ಗದಗ ಸೀಮೆಯ ನಿವೃತ್ತ ಶಿಕ್ಷಕಿಯೊಬ್ಬರ ಅನುಭವ ಈ ಪ್ರಶ್ನೆಗೆ ಬೆಳಕು ನೀಡುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಇದೇ ವಚನವನ್ನು ಕಲಿಸಿದವರು ಅವರು. ಜಾತ್ರೆಯ ದಾಸೋಹದಲ್ಲಿ ತಪ್ಪದೆ ಬಡಿಸಿದವರು. ಪತಿ ಲಿಂಗೈಕ್ಯರಾದ ಮೇಲೆ ಮಕ್ಕಳು ಅವರನ್ನು ಒಬ್ಬರನ್ನೇ ಎಲ್ಲಿಗೂ ಕಳುಹಿಸುತ್ತಿರಲಿಲ್ಲ. ಒಂದು ಶ್ರಾವಣದಲ್ಲಿ ಊರಿನ ಯಾತ್ರಿಕರೊಡನೆ ಕಾಶಿಗೆ ಹೋಗಿ ಜಂಗಮವಾಡಿ ಮಠದಲ್ಲಿ ತಂಗಿದ್ದರು. ಹಿಂದಿರುಗುವ ದಿನ ಬೆಳಿಗ್ಗೆ ಪಶುಪತಿನಾಥನ ದರ್ಶನ ಮಾಡಬೇಕೆಂಬ ಮನಸ್ಸಾಯಿತು. ಜೊತೆಗೆ ಬರುವವರು ಯಾರೂ ಇರಲಿಲ್ಲ. ಮಗನಿಗೆ ದೂರವಾಣಿಯಲ್ಲಿ ತಿಳಿಸಿ, ಒಂದು ಕೈಚೀಲ ಹಿಡಿದು ಗೋರಖಪುರದ ಬಸ್ಸು ಹತ್ತಿದರು.

ಸೋನೌಲಿಯ ಗಡಿಯನ್ನು ಭಾರತೀಯರು ವೀಸಾ ಇಲ್ಲದೆ ನಡೆದೇ ದಾಟಬಹುದು. ಆಚೆಗೆ ಗಡಿಯಾರ 15 ನಿಮಿಷ ಮುಂದೆ. ಭಾರತದ 100 ರೂಪಾಯಿಗೆ ನೇಪಾಳದ 160. ವ್ಯತ್ಯಾಸ ಇಷ್ಟೇ. ಆದರೂ ಅಲ್ಲಿ ಕಾಲಿಟ್ಟೊಡನೆ ಅವರನ್ನು ಇಂಥವರ ಮನೆಯವರೆಂದು, ಇಂಥವರ ತಾಯಿಯೆಂದು, ಶಾಲೆಯ ಅಕ್ಕೋರೆಂದು ಗುರುತಿಸುವವರು ಯಾರೂ ಉಳಿಯಲಿಲ್ಲ. ಮೊದಲು ಭಯವಾಯಿತು, ಆಮೇಲೆ ಹಗುರವೆನಿಸಿತು.

ನಾರಾಯಣಘಾಟದಿಂದ ಮುಗ್ಲಿಂಗ್‌ವರೆಗಿನ 36 ಕಿಲೋಮೀಟರ್ ದಾರಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು. ಅಂದು ಸಂಜೆಯೂ ಕುಸಿಯಿತು. ತ್ರಿಶೂಲಿ ನದಿಯ ಭೋರ್ಗರೆತದ ಪಕ್ಕದಲ್ಲಿ ಬಸ್ಸು ರಾತ್ರಿಯಿಡೀ ನಿಂತಿತು. ಬುತ್ತಿ ಮುಗಿದಿತ್ತು. ರಸ್ತೆಯ ಬದಿಯ ಮನೆಯಿಂದ ಹೆಣ್ಣುಮಗಳೊಬ್ಬಳು ಬಂದು ‘ದಿದಿ’ ಎಂದು ಕರೆದು, ಒಳಗೆ ಕೂರಿಸಿ, ಅನ್ನ ಬೇಳೆಸಾರು ಬಡಿಸಿದಳು.

ತುತ್ತು ಎತ್ತಲು ಕೈ ತಡೆಯಿತು. ಮಾಂಸ ಬೆರೆತಿಲ್ಲವೆಂದು ಕೇಳಿ ತಿಳಿದ ಮೇಲೂ, ಈಕೆ ಯಾವ ಕುಲದವಳೋ ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದಿತು. ಕುಲವಿಲ್ಲವೆಂದು ತರಗತಿಯಲ್ಲಿ ನೂರಾರು ಸಲ ಸಾರಿದ ನಾಲಗೆಯೇ ಅದು. ಅದಕ್ಕಿಂತ ಆಳದಲ್ಲಿ ಇನ್ನೊಂದು ಸಂಕೋಚವಿತ್ತು. ಇಷ್ಟು ವರ್ಷ ಆ ಕೈ ಬಡಿಸಿತ್ತೇ ಹೊರತು ಅಪರಿಚಿತರ ಮುಂದೆ ಚಾಚಿರಲಿಲ್ಲ. ಕೊನೆಗೆ ಹಸಿವು ಗೆದ್ದಿತು. ಕಣ್ಣು ತುಂಬಿ ಬಂದಿತು.

ಬೆಳಿಗ್ಗೆ ಅದೇ ಮನೆಯ ನೀರಿನಿಂದ ಅವರು ಇಷ್ಟಲಿಂಗ ಪೂಜೆ ಮಾಡಿದರು. ನೋಡುತ್ತಿದ್ದ ಆಕೆ ‘ಪಶುಪತಿ’ ಎಂದು ಕೈಮುಗಿದಳು. ಹಣ ಕೊಡಹೋದರೆ ಮುಟ್ಟಲಿಲ್ಲ. ಮುಂದೆ ಬಾಗ್ಮತಿಯ ದಡದಲ್ಲಿ ಚತುರ್ಮುಖ ಲಿಂಗದ ದರ್ಶನವೂ ಆಯಿತು. ಆದರೆ ಪಯಣದ ಫಲ ಯಾವುದೆಂದು ಕೇಳಿದವರಿಗೆ ಅವರು ಹೇಳುವುದು ಆ ರಾತ್ರಿಯ ಊಟವನ್ನೇ.

ಕಾಯಕವನ್ನು ಬಿಟ್ಟು ಬೇಡಿ ಬದುಕುವುದನ್ನು ಶರಣರು ಒಪ್ಪಲಿಲ್ಲ. ಹಾಗಾದರೆ ಅಕ್ಕನ ಭಿಕ್ಷೆ ಅದಕ್ಕೆ ವಿರೋಧವೇ? ಅಲ್ಲ. ಸೋಮಾರಿಯ ಭಿಕ್ಷೆ ಹೊಟ್ಟೆಯನ್ನು ಹೊರೆಯುತ್ತದೆ. ಅಕ್ಕನ ಭಿಕ್ಷೆ ಅಹಂಕಾರವನ್ನು ಕರಗಿಸುತ್ತದೆ. ದಾಸೋಹವೆಂದರೆ ದಾಸನಾಗಿರುವ ಭಾವ. ನೀಡುವವನಲ್ಲಿ ‘ನಾನು ನೀಡಿದೆ’ ಎಂಬುದು ಉಳಿದರೆ ಅದು ದಾನವಾದೀತು, ದಾಸೋಹವಾಗದು. ನೀಡುತ್ತಲೇ ಇರುವವನಿಗೆ ಈ ‘ನಾನು’ ಕಾಣುವುದೇ ಇಲ್ಲ. ಕೈಚಾಚಬೇಕಾದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ದಾಟಿ ಸ್ವೀಕರಿಸಿದ ಅನ್ನವೇ ಪ್ರಸಾದ. ಅದಕ್ಕೇ ಭಿಕ್ಷೆ ಮೊದಲು. ಚೆನ್ನಮಲ್ಲಿಕಾರ್ಜುನನ ಒಡನಾಟ ಆಮೇಲೆ.

ಈ ಪಾಠಕ್ಕೆ ಎಲ್ಲರೂ ಗಡಿ ದಾಟಬೇಕಿಲ್ಲ. ದಾಸೋಹದ ಪಂಕ್ತಿಯಲ್ಲಿ ಗುರುತಿಲ್ಲದವರ ಪಕ್ಕ ಕುಳಿತು, ಬಡಿಸಿದ್ದನ್ನು ತಲೆಬಾಗಿ ಉಂಡರೂ ಸಾಕು. ಬಡಿಸುವ ಸೌಟನ್ನು ಹಿಡಿಯುವ ಮೊದಲು ಎಲೆಯ ಮುಂದೆ ಕುಳಿತು ಬರಬೇಕು.