ವಾಪಸ್ ತಂದರೆ ಎಷ್ಟು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರನ್ನು ಏಮಾರಿಸುವುದು ಸುಲಭವಲ್ಲ. ರಾಶಿಯ ಅಡಿಯಿಂದ ಒಂದು ಹಿಡಿ ಗೂಡು ತೆಗೆದು, ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ ಮೇಲೆಯೇ ಅವನು ಹರಾಜಿಗೆ ಇಳಿಯುವುದು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲೂ ಮೇಲಿನ ಸಾಲಿನ ಹಣ್ಣು ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಇಷ್ಟು ಚುರುಕಿನ ಜನ, ಮಗಳ ನಿಶ್ಚಿತಾರ್ಥಕ್ಕೆ ವಜ್ರದುಂಗುರ ಕೊಳ್ಳಲು ಹೋದಾಗ ಮಾತ್ರ ಎಸಿ ಗಾಳಿಗೆ ಮೈಯೊಡ್ಡಿ, ಕೊಟ್ಟ ಬಾದಾಮಿ ಹಾಲು ಕುಡಿದು, ತೆಪ್ಪಗೆ ಕೂತುಬಿಡುತ್ತಾರೆ.

ವಜ್ರ ನಮಗೆ ತೀರ ಹೊಸದಲ್ಲ. ಅನುಕೂಲಸ್ಥರ ಮನೆಯ ಅಜ್ಜಿಯರು ಏಳು ಕಲ್ಲಿನ ಓಲೆ, ಬೇಸರಿ ಇಟ್ಟುಕೊಳ್ಳುತ್ತಿದ್ದರು. ಅವರು ಹೆಮ್ಮೆಯಿಂದ ಹೇಳುತ್ತಿದ್ದ ‘ಬ್ಲೂ ಜಾಗರ್’ ಎಂಬ ಹೆಸರು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೀನ್ ಗಣಿಯಿಂದ ಬಂದದ್ದು. ಹೊಸದು ಏನಿದ್ದರೂ ನಿಶ್ಚಿತಾರ್ಥಕ್ಕೆ ವಜ್ರದುಂಗುರವೇ ಆಗಬೇಕೆಂಬ ಶಾಸ್ತ್ರ. ಅದನ್ನು ಬರೆದವರು ಪುರೋಹಿತರಲ್ಲ. ‘ವಜ್ರ ಎಂದೆಂದಿಗೂ’ ಎಂಬ ಅರ್ಥದ ಘೋಷಣೆಯನ್ನು 1947ರಲ್ಲಿ ಡಿ ಬೀರ್ಸ್ ಕಂಪನಿಗೆ ಬರೆದುಕೊಟ್ಟದ್ದು ಒಂದು ಜಾಹೀರಾತು ಸಂಸ್ಥೆ.

ಎಂದೆಂದಿಗೂ ಇರುವುದು ಕಲ್ಲು, ಬೆಲೆಯಲ್ಲ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಡವೆಗೆ ಕೊರಳಿನ ಕೆಲಸದ ಜೊತೆ ಇನ್ನೊಂದು ಕೆಲಸವೂ ಇದೆ. ಸಾವಿರ ಅಡಿ ದಾಟಿದ ಕೊಳವೆಬಾವಿಗೆ, ಕೈಕೊಟ್ಟ ಹುಳುವಿನ ಬೆಳೆಗೆ, ಮಗನ ಕಾಲೇಜು ಫೀಸಿಗೆ ಚಿನ್ನ ಗಿರವಿ ಹೋಗಿ ಬರುತ್ತದೆ. ಆದರೆ ಬ್ಯಾಂಕಿನ ತಕ್ಕಡಿ ಕಲ್ಲಿನ ತೂಕ ಕಳೆದು ಬರಿಯ ಚಿನ್ನಕ್ಕಷ್ಟೇ ಸಾಲ ಕೊಡುತ್ತದೆ. ಲಕ್ಷ ಕೊಟ್ಟು ತಂದ ವಜ್ರ ಅಲ್ಲಿ ಲೆಕ್ಕಕ್ಕೇ ಇಲ್ಲ.

ನಮ್ಮ ದೊಡ್ಡಮ್ಮನಿಗೆ ಇದು ಗೊತ್ತಿತ್ತು. ಚಿಕ್ಕಬಳ್ಳಾಪುರದ ಪೇಟೆಯ ಅಂಗಡಿಯೊಂದರಲ್ಲಿ ಉಂಗುರದ ಬೆಲೆಯನ್ನೂ ವಿಚಾರಿಸದೆ ಆಕೆ ಕೇಳಿದ ಮೊದಲ ಪ್ರಶ್ನೆ: “ಸೇಟು, ಇದನ್ನೇ ನಾಳೆ ವಾಪಸ್ ತಂದ್ರೆ ಎಷ್ಟು ಕೊಡ್ತೀರಾ?”

“ಚಿನ್ನಕ್ಕೆ ಅವತ್ತಿನ ರೇಟು ಅಮ್ಮ. ಕಲ್ಲಿಗೆ... ನೋಡೋಣ.”

“ಆ ‘ನೋಡೋಣ’ನ ಬಿಲ್ಲಲ್ಲಿ ಬರ್ಕೊಡಿ.”

ವಜ್ರ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಮಿಕ್ಕ ಪ್ರಶ್ನೆಗಳೆಲ್ಲ ಇದರ ಮರಿಗಳು. ಉಂಗುರದ ಮೇಲಿನ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಚಿನ್ನಕ್ಕಷ್ಟೇ ಜಾಮೀನು, ಕಲ್ಲಿಗಲ್ಲ. ಸಾಮಾನ್ಯವಾಗಿ ವಜ್ರ ಕೂರಿಸುವುದು 18 ಕ್ಯಾರಟ್ ಚಿನ್ನದಲ್ಲಿ. ಮುದ್ರೆ 750 ಎಂದಿದ್ದರೆ 22ರ ರೇಟು ಏಕೆ ಕೊಡಬೇಕು? ವಜ್ರದ ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಸೆಂಟ್. ಒಟ್ಟು ತೂಕದಿಂದ ಕಲ್ಲಿನ ತೂಕ ಕಳೆದು ಚಿನ್ನದ ಲೆಕ್ಕ ಹಾಕಿದ್ದಾರೋ, ವೇಸ್ಟೇಜು, ಮಜೂರಿ ಬೇರೆಬೇರೆ ಬರೆದಿದ್ದಾರೋ ನೋಡಬೇಕು. ‘50 ಸೆಂಟ್’ ಎಂದಾಗ ಒಂದೇ ಕಲ್ಲೋ, ಇಪ್ಪತ್ತು ಪುಡಿಕಲ್ಲೋ ಎಂದು ಕೇಳಬೇಕು. ಎರಡರ ಬೆಲೆಗೂ ಅಜಗಜಾಂತರ. 50 ಮುಟ್ಟಿದ ಕಲ್ಲಿಗೆ ಬೆಲೆ ಒಮ್ಮೆಲೇ ಹಾರುತ್ತದೆ; 48 ಸೆಂಟಿನದನ್ನು ಕಂಡು ಎರಡು ಸೆಂಟ್ ಕಡಿಮೆ ಎಂದು ಹೇಳಬಲ್ಲ ಬೀಗಿತ್ತಿ ಇನ್ನೂ ಹುಟ್ಟಿಲ್ಲ.

ಕೌಂಟರಿನ ಹುಡುಗ ‘ಇಎಫ್, ವಿವಿಎಸ್’ ಎಂದು ಮಂತ್ರ ಹೇಳುತ್ತಾನೆ. ಬಣ್ಣ, ಶುದ್ಧಿಯಲ್ಲಿ ಅದು ಮೇಲಿನ ದರ್ಜೆಯೇ. ಆದರೆ ಹಳದಿ ಚಿನ್ನದಲ್ಲಿ ಕೂತ ಕಲ್ಲಿನ ತುಸು ಹಳದಿ ಕಣ್ಣಿಗೆ ಬೀಳುವುದಿಲ್ಲ. ಹೊಳಪು ಕೊಡುವುದು ಮುಖ್ಯವಾಗಿ ಕಟಾವು. ಅಂಗಡಿಯ ದೀಪದ ಕೆಳಗೆ ಗಾಜೂ ಮಿನುಗುತ್ತದೆ. ಬಾಗಿಲ ಬಳಿಯ ಬೆಳಕಿಗೆ ತಂದು ನೋಡಬೇಕು. ಜಿಐಎ ಅಥವಾ ಐಜಿಐ ಪ್ರಮಾಣಪತ್ರವಿದ್ದರೆ ಅದರ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲೇ ಹಾಕಿ ನೋಡಬಹುದು. ಕಲ್ಲು ಗಣಿಯದೋ ಲ್ಯಾಬಿನದೋ ಎನ್ನುವುದು ಅಲ್ಲಿ ತಿಳಿಯುತ್ತದೆ. ಲ್ಯಾಬಿನದೂ ಅಪ್ಪಟ ಇಂಗಾಲದ ವಜ್ರವೇ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ ಕೊಟ್ಟದ್ದು ಅಂಥದ್ದೇ 7.5 ಕ್ಯಾರಟ್ ಕಲ್ಲು. ಬೆಲೆ ಮಾತ್ರ ಗಣಿಯದಕ್ಕಿಂತ ಎಷ್ಟೋ ಕಡಿಮೆ, ಮರುಮಾರಾಟವೂ ಹಾಗೆಯೇ.

ಇಷ್ಟಾದ ಮೇಲೆ ಮನೆಯಲ್ಲಿ ಯಾರಾದರೂ “ಕಲ್ಲು ಆಗಿಬರತ್ತಾ?” ಎನ್ನುತ್ತಾರೆ. ಒಂದು ವಾರ ಮನೆಯಲ್ಲಿಟ್ಟು, ಎಮ್ಮೆ ಹಾಲು ಕಡಿಮೆ ಮಾಡಿದರೂ ವಜ್ರದ ಮೇಲೆ ಹಾಕಿ ಹಿಂದಿರುಗಿಸುವವರಿದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೇ ಪರೀಕ್ಷಿಸಲು ಸಮಿತಿ ಮಾಡಿದವರು. ಅವರ ತಾಲ್ಲೂಕಿನವರೂ ಗ್ರಹಗತಿ ಕೇಳುವಷ್ಟು ಶ್ರದ್ಧೆಯಿಂದ ಬಿಲ್ಲು ಕೇಳುವುದಿಲ್ಲ.

ಎಲ್ಲ ವಿಚಾರಿಸಿದ ಮೇಲೂ ವಜ್ರವೇ ಬೇಕೆನಿಸಿದರೆ ಕೊಳ್ಳಬೇಕಾದ್ದೇ. ಆಸೆಗೆ ಅಸಲು-ಬಡ್ಡಿಯ ಲೆಕ್ಕ ಹಾಕಬಾರದು. ಆದರೆ ಅದನ್ನು ಆಸ್ತಿಯ ಪಟ್ಟಿಗೆ ಸೇರಿಸದೆ, ಛತ್ರ, ಊಟ, ವಾಲಗದ ಪಕ್ಕದಲ್ಲಿ ಮದುವೆ ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಹಾಗೆ ಬರೆದುಕೊಂಡ ಮನೆಯಲ್ಲಿ ಕಲ್ಲು ತಾನಾಗಿಯೇ ಸಣ್ಣದಾಗುತ್ತದೆ.