ಬುಟ್ಟಿಯ ತಳ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮಾರುವವನ ಮಾತಿಗಿಂತ ಕೊಳ್ಳುವವನ ಕೈಗೆ ಬೆಲೆ ಹೆಚ್ಚು. ರೈತ ಗೂಡು ಸುರಿದು ಪಕ್ಕಕ್ಕೆ ನಿಲ್ಲುತ್ತಾನೆ. ಗೂಡಿನಿಂದ ನೂಲು ಬಿಚ್ಚುವ ರೀಲರ್ ಬಂದು ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದ ಗೂಡನ್ನು ಮೇಲಕ್ಕೆ ತೆಗೆಯುತ್ತಾನೆ. ಬೆರಳಲ್ಲಿ ಒತ್ತಿ ಗಟ್ಟಿಯೋ ಮೆತುವೋ ನೋಡುತ್ತಾನೆ. ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾನೆ. ಒಳಗಿನ ಹುಳು ಬಲಿತಿದ್ದರೆ ಸದ್ದು ಬರುತ್ತದೆ, ಸತ್ತು ಕರಗಿದ್ದರೆ ಬರುವುದಿಲ್ಲ. ಅಷ್ಟಾದ ಮೇಲೇ ಅವನು ಬೆಲೆ ಹೇಳುವುದು. ವ್ಯಾಪಾರದಲ್ಲಿ ನಂಬಿಕೆ ಎಂದರೇನು ಎಂಬುದನ್ನು ನಾನು ಮೊದಲು ಕಂಡದ್ದು ಅಲ್ಲಿ.

ನಮ್ಮದು ಕಳವಾರ. ಚಿಕ್ಕಬಳ್ಳಾಪುರಕ್ಕೆ ಹತ್ತಿರದ, ಬೆಟ್ಟದ ಬುಡದ ಊರು. ಬೆಂಗಳೂರಿನವರು ಇವತ್ತು ಸ್ಕಂದಗಿರಿ ಎಂದು ಹುಡುಕಿಕೊಂಡು ಬರುವ ಬೆಟ್ಟವನ್ನು ನಾವು ಕಳವಾರದುರ್ಗ ಎನ್ನುತ್ತಿದ್ದೆವು. ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಜೀವನ ನಿಂತಿದ್ದದ್ದು ಹಿಪ್ಪುನೇರಳೆ ಸೊಪ್ಪಿನ ಮೇಲೆ. ನೂರು ಮೊಟ್ಟೆ ಚಾಕಿ, ಅಂದರೆ ಎಳೆ ಹುಳು, ತಂದರೆ ಮನೆಯ ಅರ್ಧ ಭಾಗ ಹುಳುವಿಗೆ, ಉಳಿದರ್ಧ ನಮಗೆ. ಪೊರೆ ಬಿಡುವ ನಾಲ್ಕು ಜ್ವರ ದಾಟಿ ಹುಳು ಹಣ್ಣಾಗುವ ಹೊತ್ತಿಗೆ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಬಿಡಿಸಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ, ಇನ್ನೂ ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲಾಗದು. ಗೂಡು ಬೆಳೆಯುವವನಿಗೆ ಬೆಲೆ ಬರುವ ತನಕ ಕಾಯುವ ಶಕ್ತಿ ಇಲ್ಲ. ಕೊಳ್ಳುವವನಿಗೆ ಅದು ಚೆನ್ನಾಗಿ ಗೊತ್ತು.

ಆ ಕಾಲವನ್ನು ಸತ್ಯವಂತರ ಕಾಲವೆಂದು ನೆನೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಳು ಪೂರ್ತಿ ಬಲಿಯುವ ಮೊದಲೇ ಬಿಡಿಸಿದ ಹಸಿ ಗೂಡು ತೂಕ ಜಾಸ್ತಿ ಬರುತ್ತದೆಂದು ಎರಡು ದಿನ ಮುಂಚೆಯೇ ಬಿಡಿಸುವವರಿದ್ದರು. ಕಲೆಯಾದದ್ದು, ತೆಳುವಾದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಎಲ್ಲವನ್ನೂ ತಳಕ್ಕೆ ಹಾಕಿ ಮೇಲೆ ಒಳ್ಳೆಯದನ್ನು ಹರಡುವವರಿದ್ದರು. ಮನೆ ಬಾಗಿಲಿಗೆ ಬಂದು ಕೊಳ್ಳುವ ದಲ್ಲಾಳಿಯ ತಕ್ಕಡಿಯೂ ಹಾಗೆಯೇ. ತೂಕದಲ್ಲಿ ಕಳೆಯುತ್ತಿದ್ದ, ದುಡ್ಡನ್ನು ಮುಂದಿನ ಬೆಳೆಯವರೆಗೆ ಎಳೆಯುತ್ತಿದ್ದ. ರೈತ ರೀಲರನ್ನು ನಂಬುತ್ತಿರಲಿಲ್ಲ, ರೀಲರ್ ರೈತನನ್ನು ನಂಬುತ್ತಿರಲಿಲ್ಲ. ನಡುವೆ ಸರ್ಕಾರಿ ಮಾರುಕಟ್ಟೆ ಇದ್ದದ್ದರಿಂದ ವ್ಯಾಪಾರ ನಡೆಯುತ್ತಿತ್ತು.

ಮಾರುಕಟ್ಟೆ ಮಾಡಿದ ಉಪಕಾರ ಏನೆಂದು ತಿಳಿಯಬೇಕಾದರೆ ಶಿವರಾತ್ರಿಯ ಹೊತ್ತಿನ ನಂದಿ ದನಗಳ ಜಾತ್ರೆ ನೋಡಿರಬೇಕು. ಅಲ್ಲಿ ಎತ್ತಿನ ಬೆಲೆ ಟವೆಲಿನ ಕೆಳಗೆ ತೀರ್ಮಾನವಾಗುತ್ತಿತ್ತು. ಇಬ್ಬರು ಬೆರಳು ಹಿಡಿದು ಲೆಕ್ಕ ಹೇಳಿಕೊಳ್ಳುತ್ತಿದ್ದರು, ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಬೆಲೆಯನ್ನು ಎಲ್ಲರ ಮುಂದೆ ಕೂಗಬೇಕಿತ್ತು. ಬಿತ್ತನೆ, ಗೂಡು, ನೂಲು ಮೂರರ ಮಾರಾಟವನ್ನೂ ನಿಯಂತ್ರಣಕ್ಕೆ ತಂದ 1959ರ ರಾಜ್ಯದ ಕಾಯ್ದೆ ಇದರ ಹಿಂದಿತ್ತು. ಹರಾಜು ಬಹಿರಂಗ, ತೂಕ ಸರ್ಕಾರದ್ದು, ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ರೈತನದು. ಆದರೆ ತಳಕ್ಕೆ ಏನು ಹಾಕಿದ್ದಾನೆ ಎಂಬುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವನು ಗೂಡು ತಂದವನೇ.

ನಮ್ಮಪ್ಪ ಹೇಳುತ್ತಿದ್ದರು. ಹಿಂದಿನ ರಾತ್ರಿ ಅಮ್ಮ, ಅತ್ತೆ ಕೂತು ಆರಿಸಿದ ಕಲೆ ಗೂಡು, ಜೋಡಿ ಗೂಡು ಬೇರೆ ಮೂಟೆಗೆ ಹೋಗುತ್ತಿತ್ತು. ಅದನ್ನು ಬೇರೆ ಲಾಟಾಗಿಯೇ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಮಳೆಗಾಲದಲ್ಲಿ ಗೂಡು ಒಣಗದೆ ಉಳಿದಿದ್ದರೆ, ರೀಲರ್ ಕೈ ಹಾಕುವ ಮೊದಲೇ, "ತಳದಲ್ಲಿ ಒಂದಿಷ್ಟು ಹಸಿ ಐತೆ ಭಾಯ್, ನೋಡ್ಕಂಡು ಕೂಗಿ" ಎನ್ನುತ್ತಿದ್ದರು. ಅಪ್ಪ ಹೇಳಿದ ಮೇಲೂ ಆ ರೀಲರ್ ಕೈ ಹಾಕಿಯೇ ನೋಡುತ್ತಿದ್ದರು. ಅಪ್ಪನಿಗೆ ಅದರಿಂದ ಬೇಸರವಿರಲಿಲ್ಲ. "ನೋಡ್ಲಿ. ನೋಡಿದ್ರೇನೆ ನಾ ಹೇಳಿದ್ದು ನಿಜ ಅಂತ ಗೊತ್ತಾಗೋದು" ಎನ್ನುತ್ತಿದ್ದರು. ನನ್ನನ್ನು ನಂಬಿ ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಇದರಿಂದ ನಮಗೆ ಬೇರೆಯವರಿಗಿಂತ ಹೆಚ್ಚು ಬೆಲೆ ಸಿಕ್ಕಿತೆಂದರೆ ಸುಳ್ಳಾಗುತ್ತದೆ. ಮಾರುಕಟ್ಟೆ ಚೆನ್ನಾಗಿದ್ದ ದಿನ ತಳ ಮುಚ್ಚಿದವನಿಗೂ ಅಷ್ಟೇ, ನಮಗೂ ಅಷ್ಟೇ. ವ್ಯತ್ಯಾಸ ಕಾಣುತ್ತಿದ್ದದ್ದು ಕೆಟ್ಟ ದಿನಗಳಲ್ಲಿ. ಗೂಡು ಜಾಸ್ತಿ ಬಂದು ರೀಲರ್‌ಗಳು ಆರಿಸಿಕೊಂಡು ಕೊಳ್ಳುವ ದಿನ ಅಪ್ಪನ ಲಾಟಿನ ಮುಂದೆ ಒಬ್ಬಿಬ್ಬರಾದರೂ ನಿಲ್ಲುತ್ತಿದ್ದರು. ರೀಲರ್‌ಗೆ ನಷ್ಟ ತಿಳಿಯುವುದು ಮನೆಗೆ ಹೋಗಿ ಗೂಡು ಬೇಯಿಸಿ ನೂಲು ಬಿಚ್ಚಿದಾಗ. ಒಂದು ಕಿಲೋ ನೂಲಿಗೆ ಏಳು ಕಿಲೋ ಗೂಡು ಎಂದು ಲೆಕ್ಕ ಹಾಕಿ ತಂದದ್ದು ಒಂಬತ್ತು ಕಿಲೋ ತಿಂದರೆ ಅವನ ಕೂಲಿಯೂ ಹೋಯಿತು, ಬಂಡವಾಳವೂ ಹೋಯಿತು. ಆ ಲಾಟು ಯಾರದೆಂದು ಅವನು ಮರೆಯುವುದಿಲ್ಲ. ಅಪ್ಪನ ನಡತೆ ಈ ಲೆಕ್ಕ ತಿಳಿದವನ ನಡತೆ. ಎದುರಿಗಿದ್ದವನೂ ತನ್ನಷ್ಟೇ ಸಣ್ಣ ವ್ಯಾಪಾರಿ, ಅವನು ಮುಳುಗಿದರೆ ನಾಳೆ ಗೂಡು ಕೊಳ್ಳುವವರೇ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸತ್ಯ ಹೇಳಿದವನಿಗೆ ರಕ್ಷಣೆ ಸಿಗುತ್ತದೆಂದೂ ಇಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು. ಆರಿಸಿ ತಂದವನೂ ಬಿದ್ದ, ಆರಿಸದೆ ತಂದವನೂ ಬಿದ್ದ. ನಮ್ಮ ಕಡೆ ಎಷ್ಟೋ ಮಂದಿ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದದ್ದು ಆ ವರ್ಷಗಳಲ್ಲಿ. ನಾವೂ ಅರ್ಧ ಜಮೀನಿನಲ್ಲಿ ದ್ರಾಕ್ಷಿ ಚಪ್ಪರ ಹಾಕಿದೆವು.

ಈಗ ಶಿಡ್ಲಘಟ್ಟದಲ್ಲಿ ಹರಾಜು ಕೂಗುವವರಿಲ್ಲ. ಇ-ಹರಾಜು ಬಂದಿದೆ. ರೀಲರ್ ಮೊಬೈಲಿನಲ್ಲಿ ಬೆಲೆ ಒತ್ತುತ್ತಾನೆ, ಪರದೆಯ ಮೇಲೆ ಲಾಟಿನ ಸಂಖ್ಯೆ ಮತ್ತು ಬೆಲೆ ಬರುತ್ತದೆ, ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ಒಳ್ಳೆಯ ಬದಲಾವಣೆ. ಇಷ್ಟೆಲ್ಲ ಬಂದ ಮೇಲೂ ರೀಲರ್ ಮೊದಲು ಬಂದು ರಾಶಿಗೆ ಕೈ ಹಾಕಿಯೇ ಹೋಗುತ್ತಾನೆ.

ಕೈ ಹಾಕಿ ನೋಡುವ ಅವಕಾಶವೇ ಇಲ್ಲದ ಗಿರಾಕಿಗಳು ಈಗ ನನ್ನ ತಮ್ಮನಿಗೆ ಇದ್ದಾರೆ. ಅವನು ಬೆಳೆಯುವುದು ಬೆಂಗಳೂರು ಬ್ಲೂ. ಕಪ್ಪಗೆ, ದಪ್ಪ ಸಿಪ್ಪೆಯ, ಬೀಜವಿರುವ, ಹುಳಿ ಮಿಶ್ರಿತ ಸಿಹಿಯ ಹಣ್ಣು. ಅದಕ್ಕೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ವರ್ಷಕ್ಕೆ ಎರಡು ಬೆಳೆ. ಮೊದಲು ಇಡೀ ಬೆಳೆಯನ್ನು ಮಂಡಿಗೆ ಹಾಕುತ್ತಿದ್ದ. ಈಗ ಒಂದು ಪಾಲನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ನೇರವಾಗಿ ಮಾರುತ್ತಾನೆ. ಗಿರಾಕಿ ನೋಡುವುದು ಫೋಟೊ ಮಾತ್ರ. ಕೈ ಹಾಕುವ ಕೆಲಸವನ್ನೂ ಮಾರುವವನೇ ಮಾಡಿ ತೋರಿಸಬೇಕು.

ತಮ್ಮ ಮಾಡುವುದು ಇಷ್ಟು. ಬಾಕ್ಸ್ ತುಂಬಿದ ಮೇಲೆ ಒಂದನ್ನು ಕಾಗದದ ಮೇಲೆ ಬೋರಲು ಹಾಕಿ, ತಳದಲ್ಲಿದ್ದ ಗೊಂಚಲಿನ ಫೋಟೊ ಹಾಕುತ್ತಾನೆ. ಮಳೆ ಬಿದ್ದ ವಾರ, "ಈ ಸಲ ಹಣ್ಣು ಹುಳಿ ಇದೆ, ಜ್ಯೂಸಿಗೆ ಆಗುತ್ತದೆ, ಮಕ್ಕಳು ಹಾಗೇ ತಿನ್ನುವುದು ಕಷ್ಟ" ಎಂದು ಬರೆಯುತ್ತಾನೆ. ಎರಡು ದಿನ ಇಟ್ಟರೆ ಸಿಹಿಯಾಗುತ್ತದೆ ಎನ್ನುವ ಮಾತನ್ನು ರಸ್ತೆ ಬದಿಯಲ್ಲಿ ನೀವೂ ಕೇಳಿರುತ್ತೀರಿ. ಅದು ಸುಳ್ಳು. ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗುತ್ತವೆ. ದ್ರಾಕ್ಷಿ ಹಾಗಲ್ಲ, ಬಳ್ಳಿಯಿಂದ ಕತ್ತರಿಸಿದ ಹೊತ್ತಿಗೆ ಎಷ್ಟು ಸಿಹಿಯೋ ಅಷ್ಟೇ. ಬಣ್ಣ ಬಂದ ಮಾತ್ರಕ್ಕೆ ಸಿಹಿ ಬಂದಿದೆ ಎಂದೂ ಅಲ್ಲ. ಇದನ್ನು ಅವನು ಗಿರಾಕಿಗಳಿಗೆ ಮೊದಲ ವಾರವೇ ಹೇಳಿದ. ಹಣ್ಣಿನ ಮೇಲಿನ ಬಿಳಿ ಬೂದಿಯನ್ನು ನೋಡಿ ಔಷಧಿ ಎಂದು ಹೆದರುವವರಿಗೆ, ಅದು ಹಣ್ಣಿನದೇ ಮೇಣ ಎಂದು ತಿಳಿಸಿದ. ಅದೇ ಸಂದೇಶದಲ್ಲಿ ಔಷಧಿ ಹೊಡೆದದ್ದನ್ನೂ ಬರೆದ. ಬೂಜು ರೋಗಕ್ಕೆ ಯಾವ ಔಷಧಿ, ಯಾವ ತಾರೀಖು, ಡಬ್ಬದ ಮೇಲೆ ಬರೆದಷ್ಟು ದಿನ ಕಾದು ಕತ್ತರಿಸಿದ್ದು ಯಾವತ್ತು, ಎಲ್ಲವನ್ನೂ.

ಸಾವಯವ ಎಂದು ಬರೆದರೆ ಬೆಲೆ ಹೆಚ್ಚು ಸಿಗುತ್ತದೆಂದು ಸಲಹೆ ಕೊಟ್ಟವರು ಬಹಳ ಮಂದಿ. ಆ ಹೆಸರಿನಲ್ಲಿ ಅಂಗಡಿಗಳಿಗೆ ಮಾರಲು ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು ಎಂಬುದು ಒಂದು ಮಾತು. ಔಷಧಿ ಹೊಡೆದ ತೋಟಕ್ಕೆ ಆ ಹೆಸರು ಸಲ್ಲದು ಎಂಬುದು ಅದಕ್ಕಿಂತ ದೊಡ್ಡ ಮಾತು. ತಮ್ಮ ಬರೆಯಲಿಲ್ಲ. ಔಷಧಿಯ ಹೆಸರು ಓದಿ ಕೆಲವರು ಗುಂಪು ಬಿಟ್ಟು ಹೋದರು. ಹುಳಿ ಎಂದು ಬರೆದ ವಾರ ಅರ್ಧ ಹಣ್ಣು ಮಂಡಿಗೇ ಹೋಯಿತು. ಹೆದ್ದಾರಿಯಲ್ಲಿ ಅದೇ ಹಣ್ಣನ್ನು ಸಿಹಿ ಎಂದು ಹೇಳಿ ಸಲೀಸಾಗಿ ಮಾರಿದವರೂ ಇದ್ದಾರೆ. ನಿಜ ಹೇಳಿದ್ದಕ್ಕೆ ಆ ವಾರ ನಷ್ಟವೇ ಆಯಿತು. ಗುಂಪಿನಲ್ಲಿ ಉಳಿದವರು ಮಾತ್ರ ಇವತ್ತಿಗೂ ಬೆಲೆ ಕೇಳದೆ ಬಾಕ್ಸ್ ಹೇಳುತ್ತಾರೆ. ಒಡೆದ ಹಣ್ಣು ಬಂದರೆ ಫೋಟೊ ಹಾಕುತ್ತಾರೆ, ಅವನು ಮುಂದಿನ ಸಲ ಅಷ್ಟು ತೂಕ ಸೇರಿಸಿ ಕೊಡುತ್ತಾನೆ. ಆ ಲೆಕ್ಕದಲ್ಲಿ ಜಗಳ ಬಂದದ್ದಿಲ್ಲ.

ಹೆದ್ದಾರಿಯ ಮಾತು ಬಂತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ರಸ್ತೆ ಅಗಲವಾಯಿತು. ಶನಿವಾರ, ಭಾನುವಾರ ಬೆಟ್ಟ ಹತ್ತುವವರು ಬಂದರು. 2023ರ ಜನವರಿಯಲ್ಲಿ ಆವಲಗುರ್ಕಿಯ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲಂತೂ ಕಾರುಗಳಿಗೆ ಲೆಕ್ಕವಿಲ್ಲ. ಅಪ್ಪನ ಕಾಲದಲ್ಲಿ ಗಿರಾಕಿಯನ್ನು ಹುಡುಕಿಕೊಂಡು ಶಿಡ್ಲಘಟ್ಟಕ್ಕೆ ಹೋಗಬೇಕಿತ್ತು, ಈಗ ಗಿರಾಕಿಯೇ ಬಾಗಿಲಿಗೆ ಬರುತ್ತಿದ್ದಾನೆ. ಬಂದವನು ಮತ್ತೆ ಬರುವುದಿಲ್ಲ ಎನ್ನುವ ಧೈರ್ಯದ ಮೇಲೆ "ತೋಟದಿಂದ ನೇರ" ಎಂಬ ಬೋರ್ಡು ಹಾಕಿ, ಎಲ್ಲಿಂದಲೋ ತಂದ ಹಣ್ಣನ್ನು ಮೇಲೆ ದಪ್ಪ, ಕೆಳಗೆ ಸಣ್ಣ ಮಾಡಿ ಮಾರುವ ಅಂಗಡಿಗಳು ಹುಟ್ಟಿವೆ. ಇದು ನನಗೆ ನೋವು ಕೊಡುವ ವಿಷಯ. ಮೋಸ ಹೋದವನು ಅಂಗಡಿಯ ಹೆಸರನ್ನು ನೆನಪಿಡುವುದಿಲ್ಲ, ಊರಿನ ಹೆಸರನ್ನು ನೆನಪಿಡುತ್ತಾನೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಹುಳಿ ಎಂದು ಅವನು ಹತ್ತು ಜನಕ್ಕೆ ಹೇಳಿದರೆ ನಷ್ಟ ಬರುವುದು ಬಳ್ಳಿ ಬೆಳೆಸಿದವನಿಗೆ.

ಊರಿನ ಹೆಸರನ್ನು ಉಳಿಸಿಕೊಳ್ಳುವ ದಾರಿಯನ್ನು ರೇಷ್ಮೆಯವರೇ ತೋರಿಸಿದ್ದಾರೆ. ನಮ್ಮ ಗೂಡು ನೂಲಾಗಿ, ನೂಲು ಸೀರೆಯಾಗಿ ಅಂಗಡಿಗೆ ಹೋದಾಗ ಕೊಳ್ಳುವ ಹೆಣ್ಣುಮಗಳು ಅದನ್ನು ಪರೀಕ್ಷಿಸುವುದು ಹೇಗೆ? ಒಂದು ಎಳೆ ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಉಂಡೆ ಕಟ್ಟುತ್ತದೆ. ಅಂಗಡಿಯಲ್ಲಿ ಸೀರೆ ಸುಡಲು ಯಾರು ಬಿಡುತ್ತಾರೆ? ಅದಕ್ಕಾಗಿ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಸಿಲ್ಕ್ ಮಾರ್ಕ್ ತಂದಿತು. ಮಾಲು ಶುದ್ಧ ರೇಷ್ಮೆ ಎಂದು ಕೊಳ್ಳುವವಳಿಗೆ ಭರವಸೆ ಕೊಡುವ ಚೀಟಿ ಅದು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗೆ ಇಂದಿಗೂ ಜನ ಸಾಲು ನಿಲ್ಲುವುದು ಜಾಹೀರಾತಿನ ಬಲದಿಂದಲ್ಲ. ಜರಿ ಜರಿಯೇ, ರೇಷ್ಮೆ ರೇಷ್ಮೆಯೇ ಎಂಬುದು ಮೂರು ತಲೆಮಾರಿನ ಮೈಮೇಲೆ ಸಾಬೀತಾಗಿದೆ.

ಕಾನೂನೂ ಈಗ ಗಟ್ಟಿಯಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಹೆದ್ದಾರಿಯ ಒಂದು ಬಾಕ್ಸ್ ದ್ರಾಕ್ಷಿಗೆ ಯಾರೂ ದೂರು ಕೊಡಲು ಹೋಗುವುದಿಲ್ಲ. ಸಣ್ಣ ವ್ಯಾಪಾರದಲ್ಲಿ ಗಿರಾಕಿ ಕೊಡುವ ಶಿಕ್ಷೆ ಒಂದೇ: ಇನ್ನೊಮ್ಮೆ ಬರುವುದಿಲ್ಲ, ಏಕೆಂದೂ ಹೇಳುವುದಿಲ್ಲ.

ಇಂದು ಮೊಬೈಲ್ ಹಿಡಿದು ವ್ಯಾಪಾರಕ್ಕೆ ಇಳಿದಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಲ್ಲಿ ನನ್ನದೊಂದು ಮನವಿ. ಚಿಂತಾಮಣಿಯ ಟೊಮೆಟೊ ಆಗಲಿ, ಗೌರಿಬಿದನೂರಿನ ಮುಸುಕಿನ ಜೋಳವಾಗಲಿ, ಶಿಡ್ಲಘಟ್ಟದ ರೇಷ್ಮೆಯಾಗಲಿ, ನಮ್ಮ ದ್ರಾಕ್ಷಿಯಾಗಲಿ, ಮಾಲಿನ ಕೊರತೆಯನ್ನು ಗಿರಾಕಿ ಕಂಡುಹಿಡಿಯುವ ಮೊದಲು ನೀವೇ ಹೇಳಿ. ನೀವು ಒಳ್ಳೆಯದು ಎಂದು ಹೇಳಿದ ದಿನ ಅವನು ನಂಬಬೇಕಾದರೆ, ಒಳ್ಳೆಯದಲ್ಲ ಎಂದು ಹೇಳಿದ ದಿನವೊಂದು ಅವನ ನೆನಪಿನಲ್ಲಿ ಇರಬೇಕು. ಮುಂದಿನ ಬಾಕ್ಸಿನ ಫೋಟೊ ತೆಗೆಯುವಾಗ ತಳವನ್ನೂ ತೆಗೆಯಿರಿ.